ವಿಚಾರಟಿಪ್ಪಣಿಯೂ ಗಣಕಯಂತ್ರವೂ

ನಮ್ಮ ಉಪಾಧ್ಯಾಯ ಬಂಧುಗಳಿಗೆ ‘ಮೆಮೊ’ ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಮೇಲಿನ ಕಚೇರಿಯಿಂದ ಉದ್ದನೆಯ ಲಕೋಟೆಯಲ್ಲಿ ಬಂದು, ಇಷ್ಟು ದಿನಗಳೊಳಗಾಗಿ ಸಮಜಾಯಿಷಿ ಕೊಡತಕ್ಕದ್ದು ಎಂದು ಕೇಳುವ ಕಾಗದವೇ ಮೆಮೊ. ಸಂಶೋಧನೆಯ ಪ್ರಪಂಚದಲ್ಲಿ ಇದೇ ಶಬ್ದಕ್ಕೆ ಬೇರೊಂದು ಅರ್ಥವುಂಟು. ಅಲ್ಲಿ ಮೆಮೊ ಎಂದರೆ ಸಂಶೋಧಕನು ತನಗೆ ತಾನೇ ಬರೆದುಕೊಳ್ಳುವ ವಿಚಾರಟಿಪ್ಪಣಿ. ಆಲೋಚಿಸಿ ನೋಡಿದರೆ ಎರಡಕ್ಕೂ ನಂಟು ಇಲ್ಲದಿಲ್ಲ. ಎರಡೂ ಕೇಳುವುದು ಸಮಜಾಯಿಷಿಯನ್ನೇ. ಈ ಹೇಳಿಕೆಯನ್ನು ಈ ಗುಂಪಿಗೆ ಏಕೆ ಸೇರಿಸಿದೆ, ಆ ಗುಂಪಿಗೆ ಏಕೆ ಸೇರಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನೂ ಅದನ್ನು ಕೇಳುವವನೂ ಇಲ್ಲಿ ಒಬ್ಬನೇ ಎಂಬುದಷ್ಟೇ ವ್ಯತ್ಯಾಸ.

ಈಚಿನ ವರ್ಷಗಳಲ್ಲಿ ನಮ್ಮ ಕಾಸರಗೋಡಿನ ಕಡೆಯ ತರುಣ ಉಪಾಧ್ಯಾಯರು ಪದವಿಗಾಗಿಯೋ ಸ್ವಂತ ಆಸಕ್ತಿಯಿಂದಲೋ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಗಣಕಯಂತ್ರದ ತಂತ್ರಾಂಶಗಳಲ್ಲಿ ಇಟ್ಟು ವಿಂಗಡಿಸುತ್ತಿರುವುದು ಸಂತೋಷದ ಸಂಗತಿ. ಅವರ ಬರಹಗಳಲ್ಲಿ ಕೆಲವು ಅಭಿಪ್ರಾಯಕ್ಕಾಗಿ ನನ್ನ ಕೈಗೂ ಬಂದಿವೆ. ಓದಿದಾಗ ಒಂದೇ ಕೊರತೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸಂಕೇತಗಳು, ಅಂದರೆ ‘ಕೋಡ್’ ಎನ್ನುವ ಹಣೆಪಟ್ಟಿಗಳು, ನೂರಾರು; ವಿಚಾರಟಿಪ್ಪಣಿಗಳು ಬೆರಳೆಣಿಕೆಯಷ್ಟೂ ಇಲ್ಲ. ಗಾಯನಕಚೇರಿಗೆ ಶ್ರುತಿಪೆಟ್ಟಿಗೆ, ಮೃದಂಗ, ಚಾಪೆ ಎಲ್ಲವನ್ನೂ ಹೊಂದಿಸಿಟ್ಟು ಹಾಡುವುದನ್ನೇ ಮರೆತಂತೆ ಇದು.

ಈ ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಆಸ್ಪತ್ರೆಗಳಲ್ಲಿ ಸಾವನ್ನು ಎದುರುನೋಡುತ್ತಿದ್ದ ರೋಗಿಗಳನ್ನೂ ಅವರ ಸುತ್ತಣ ಜನರನ್ನೂ ಅಧ್ಯಯನ ಮಾಡಿ, ಆ ಅನುಭವದ ಮೇಲೆ 1967ರಲ್ಲಿ ತಮ್ಮ ಸಂಶೋಧನಾ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೊದಲೇ ಸಿದ್ಧಾಂತವೊಂದನ್ನು ಕೈಯಲ್ಲಿ ಹಿಡಿದು ಹೊರಡದೆ, ಜನರ ಮಾತಿನಿಂದಲೇ ಸಿದ್ಧಾಂತವನ್ನು ಕಟ್ಟುತ್ತ ಹೋಗಬೇಕೆಂಬುದು ಅದರ ಸಾರ. ಹಾಗೆ ಕಟ್ಟುವ ಕೆಲಸ ನಡೆಯುವುದು ಟಿಪ್ಪಣಿಯಲ್ಲಿ. 1978ರ ಗ್ರಂಥದಲ್ಲಿ ಗ್ಲೇಸರರು ಇದನ್ನು ಒತ್ತಿ ಹೇಳಿದರು: ವಿಂಗಡಿಸುತ್ತಿರುವಾಗ ವಿಚಾರವೊಂದು ಹೊಳೆದರೆ ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ ಮೊದಲು ಅದನ್ನು ಬರೆಯಬೇಕು. 1990ರಲ್ಲಿ ಸ್ಟ್ರಾಸ್ ಮತ್ತು ಜೂಲಿಯೆಟ್ ಕಾರ್ಬಿನ್ ಅವರು ಟಿಪ್ಪಣಿಗಳಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ಸಂಕೇತವನ್ನು ಕುರಿತದ್ದು, ಸಿದ್ಧಾಂತವನ್ನು ಕುರಿತದ್ದು, ಮುಂದೆ ಮಾಡಬೇಕಾದ ಕೆಲಸವನ್ನು ಕುರಿತದ್ದು. ಈ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ಉದಾಹರಣೆಯಲ್ಲಿ ನೋಡೋಣ.

ನಮ್ಮಲ್ಲಿ ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ, ಕಚೇರಿಯ ಮಾತು ಮಲೆಯಾಳ ಎಂಬ ಕುಟುಂಬಗಳು ಎಷ್ಟೋ ಇವೆ. ಇಂಥ ಮನೆಯ ಹಿರಿಯರೊಬ್ಬರನ್ನು ಕಂಡು ಬಂದ ಉಪಾಧ್ಯಾಯ ಮಿತ್ರರೊಬ್ಬರು, ಹಿರಿಯರು ‘ನಮ್ಮ ಭಾಷೆ’ ಎಂದ ಕಡೆಯಲ್ಲೆಲ್ಲ ‘ಭಾಷಾಭಿಮಾನ’ ಎಂಬ ಸಂಕೇತ ಹಚ್ಚಿದ್ದರು. ಪಕ್ಕದಲ್ಲಿದ್ದ ಟಿಪ್ಪಣಿ ಇಷ್ಟೇ: “ತುಂಬ ಚೆನ್ನಾಗಿ ಹೇಳಿದ್ದಾರೆ. ಮುಖ್ಯ.” ಇದು ವಿಚಾರಟಿಪ್ಪಣಿಯಲ್ಲ, ಉತ್ತರಪತ್ರಿಕೆಯ ಅಂಚಿನಲ್ಲಿ ನಾವು ಹಾಕುವ ‘ಉತ್ತಮ’ ಎಂಬ ಷರಾ.

“ಮಾಷ್ಟ್ರೇ, ಇವರು ಯಾವ ಭಾಷೆಯನ್ನು ನಮ್ಮದು ಎನ್ನುತ್ತಾರೆ?” ಎಂದು ನಾನು ಕೇಳಿದೆ. ಅವರು ಮರಳಿ ಹೋಗಿ ಓದಿದರು. ಒಂದು ವಾರದ ಮೇಲೆ ತಂದು ತೋರಿಸಿದ ಟಿಪ್ಪಣಿಯನ್ನು ಅವರ ಅನುಮತಿಯಿಂದ ಇಲ್ಲಿ ಕೊಡುತ್ತೇನೆ: “ಈ ಮಾತು ಎರಡು ಸಲ ಬಂದಿದೆ. ಶಾಲೆಯ ಸಂಗತಿ ಹೇಳುವಾಗ ಅದು ಕನ್ನಡ. ಮದುವೆಮನೆಯ ಸಂಗತಿ ಹೇಳುವಾಗ ತುಳು. ಹಾಗಾದರೆ ‘ನಮ್ಮ’ ಎಂಬುದು ಹೇಳುವವರನ್ನು ಅವಲಂಬಿಸಿದೆಯೋ, ಕೇಳುವವರನ್ನೋ? ನಾನು ಕನ್ನಡ ಉಪಾಧ್ಯಾಯನಾದ್ದರಿಂದ ನನ್ನೆದುರು ಕನ್ನಡವನ್ನು ‘ನಮ್ಮ’ ಎಂದರೋ? ಮಲೆಯಾಳ ಮನೆಮಾತಾಗಿದ್ದು ಕನ್ನಡ ಶಾಲೆಯಲ್ಲಿ ಕಲಿತವರು ಏನೆನ್ನುತ್ತಾರೆ? ಅಂಥ ಒಬ್ಬರನ್ನು ಕಾಣಬೇಕು.” ಇದರ ಮೊದಲ ವಾಕ್ಯಗಳು ಸಂಕೇತವನ್ನು ಪರೀಕ್ಷಿಸುತ್ತವೆ, ನಡುವಿನವು ವಿಚಾರವನ್ನು ಕಟ್ಟುತ್ತವೆ, ಕೊನೆಯದು ಮುಂದಿನ ಹಾದಿಯನ್ನು ಹೇಳುತ್ತದೆ. ಮೂರು ಬಗೆಗಳೂ ಒಂದೇ ಹಾಳೆಯಲ್ಲಿ ಬಂದವು, ಯಾರೂ ಅವನ್ನು ಬೇರ್ಪಡಿಸಲಿಲ್ಲ. ಸಂಶೋಧಕನು ತನ್ನನ್ನೂ ಪರೀಕ್ಷೆಯೊಳಗೆ ತಂದುಕೊಂಡಿರುವುದು ನನಗೆ ಹೆಚ್ಚು ಮೆಚ್ಚುಗೆಯಾಯಿತು.

ಇನ್ನು ತಂತ್ರಾಂಶಗಳ ಮಾತು. ಆಸ್ಟ್ರೇಲಿಯದ ಲಿನ್ ರಿಚರ್ಡ್ಸ್ ಮತ್ತು ಟಾಮ್ ರಿಚರ್ಡ್ಸ್ ದಂಪತಿಗಳು 1981ರಲ್ಲಿ ಆರಂಭಿಸಿದ ಕೆಲಸದ ಮುಂದುವರಿಕೆಯೇ 1999ರಲ್ಲಿ ಬಂದ ಎನ್‌ವಿವೊ. ಉಡೊ ಕುಕಾರ್ಟ್ಸ್ ಅವರ ಮ್ಯಾಕ್ಸ್, ಈಗಿನ ಮ್ಯಾಕ್ಸ್‌ಕ್ಯೂಡಿಎ, 1989ರದು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಯೋಜನೆಯೊಂದರಿಂದ ಹುಟ್ಟಿದ ಅಟ್ಲಾಸ್‌ ಟಿಐ 1993ರಲ್ಲಿ ಮಾರುಕಟ್ಟೆಗೆ ಬಂತು. ಎಲ್ಲವೂ ಟಿಪ್ಪಣಿಗೆ ಸ್ಥಳ ಕೊಟ್ಟಿವೆ, ಆದರೆ ಕೊಟ್ಟ ಬಗೆ ಬೇರೆ ಬೇರೆ. ಆ ಬಗೆ ನಮ್ಮ ಆಲೋಚನೆಯನ್ನೂ ತಿದ್ದುತ್ತದೆ. ಎನ್‌ವಿವೊದಲ್ಲಿ ಒಂದು ಸಂದರ್ಶನಕ್ಕೆ ಅಥವಾ ಒಂದು ಸಂಕೇತಕ್ಕೆ ಜೋಡಿಸಬಹುದಾದ ಟಿಪ್ಪಣಿ ಒಂದೇ. ಹಾಗಾಗಿ ಬಳಸುವವನು ಅದನ್ನೇ ದಿನಚರಿಯಂತೆ ಬೆಳೆಸುತ್ತಾನೆ. ಒಂದು ಸಂಕೇತದ ಅರ್ಥ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಯಿತೆಂಬುದು ಒಂದೇ ಕಡೆ ದೊರೆಯುತ್ತದೆ. ಇದು ಗುಣ. ಎರಡು ಸಂಕೇತಗಳ ನಡುವೆ ಹೊಳೆದ ವಿಚಾರ ಎಲ್ಲಿ ಕೂರಬೇಕೆಂಬ ಪೇಚಾಟ ಇದರ ದೋಷ. ಅಟ್ಲಾಸ್‌ ಟಿಐಯಲ್ಲಿ ಟಿಪ್ಪಣಿ ಸ್ವತಂತ್ರ. ಹಲವು ಉದ್ಧೃತ ಭಾಗಗಳಿಗೆ, ಸಂಕೇತಗಳಿಗೆ, ಮತ್ತೊಂದು ಟಿಪ್ಪಣಿಗೂ ಅದನ್ನು ಜೋಡಿಸಬಹುದು. ಬೇಕಾದರೆ ಟಿಪ್ಪಣಿಯನ್ನೇ ಹೊಸ ದಾಖಲೆಯನ್ನಾಗಿ ಮಾಡಿ ಅದಕ್ಕೂ ಸಂಕೇತ ಹಚ್ಚಬಹುದು. ತುಲನೆ ಮಾಡುವವರಿಗೆ ಇದು ಹಿತ. ಮ್ಯಾಕ್ಸ್‌ಕ್ಯೂಡಿಎಯಲ್ಲಿ ಪುಟದ ಅಂಚಿಗೆ ಚೀಟಿ ಅಂಟಿಸಿದಂತೆ ಟಿಪ್ಪಣಿ ಕಾಣುತ್ತದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಅಭ್ಯಾಸವಾದ ನನ್ನಂಥವರಿಗೆ ಅದೇ ಹತ್ತಿರ. ಹಣವಿಲ್ಲದವರು ಟ್ಯಾಗೆಟ್, ಕ್ವಾಲ್‌ಕೋಡರ್ ಎಂಬ ಉಚಿತ ತಂತ್ರಾಂಶಗಳನ್ನು ನೋಡಬಹುದು.

ಟಿಪ್ಪಣಿಗಳನ್ನು ಜೋಡಿಸಿಡುವ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಶೀರ್ಷಿಕೆಯಿಂದಲೇ ಆರಂಭವಾಗುತ್ತದೆ. ‘ಟಿಪ್ಪಣಿ 1’, ‘ಟಿಪ್ಪಣಿ 2’, ‘ಹೊಸ ಟಿಪ್ಪಣಿ’ ಎಂದಿಟ್ಟರೆ ಮೂರು ತಿಂಗಳ ಮೇಲೆ ಅದು ಕೀಲಿ ಕಳೆದ ಪೆಟ್ಟಿಗೆ. ವಿಚಾರವೇ ಶೀರ್ಷಿಕೆಯಾಗಬೇಕು, ತಾರೀಕು ಇರಬೇಕು, ಒಂದರಲ್ಲಿ ಒಂದೇ ವಿಚಾರವಿರಬೇಕು, ಜನರ ಮಾತು ಯಾವುದು ತನ್ನ ಮಾತು ಯಾವುದು ಎಂಬ ಗೆರೆ ಅಳಿಸಬಾರದು. ಹಳೆಯ ಟಿಪ್ಪಣಿ ತಪ್ಪೆಂದು ಕಂಡರೆ ಅಳಿಸದೆ, ಕೆಳಗೆ ಹೊಸ ತಾರೀಕು ಹಾಕಿ ತಿದ್ದಬೇಕು. ಇಷ್ಟನ್ನು ಯಂತ್ರ ಮಾಡಿಕೊಡದು.

ಯಂತ್ರ ಮಾಡಿಕೊಡದ ಇನ್ನೊಂದುಂಟು. ಸಿ. ರೈಟ್ ಮಿಲ್ಸ್ ಅವರು 1959ರ ತಮ್ಮ ಗ್ರಂಥದ ಅನುಬಂಧದಲ್ಲಿ, ಆಗಾಗ ಕಡತಗಳನ್ನೆಲ್ಲ ಸುರಿದು, ಕಲಸಿ, ಮತ್ತೆ ವಿಂಗಡಿಸಬೇಕೆಂದು ಸಲಹೆ ಕೊಟ್ಟರು. ಗ್ಲೇಸರರೂ ಟಿಪ್ಪಣಿಗಳನ್ನು ಕೈಯಿಂದಲೇ ವಿಂಗಡಿಸಬೇಕೆಂಬ ಪಕ್ಷದವರು. ಗಣಕಯಂತ್ರದ ಮೇಲೆ ಅವರಿಗೆ ಒಲವಿರಲಿಲ್ಲ. ನಾನು ಅಷ್ಟು ದೂರ ಹೋಗಲಾರೆ. ಆದರೆ ಶೋಧಪೆಟ್ಟಿಗೆ ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ, ಹುಡುಕಬೇಕೆಂದು ನಮಗೇ ತೋಚದಿದ್ದುದನ್ನು ತೋರಿಸುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಎಲ್ಲ ಟಿಪ್ಪಣಿಗಳನ್ನು ಅಚ್ಚು ತೆಗೆದು ಜಗಲಿಯ ಮೇಲೆ ಹರಡಿ ನೋಡುವುದು ಲೇಸು.

ಕನ್ನಡದವರಿಗೆ ಒಂದೆರಡು ವಿಶೇಷ ತೊಡಕುಗಳಿವೆ. ಹಳೆಯ ನುಡಿ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಸಿದ ಸಂದರ್ಶನವನ್ನು ಯಂತ್ರ ಕನ್ನಡವೆಂದು ಓದಲಾರದು. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಸಾಲು ಸಾಲಾಗಿ ನೋಡಬೇಕು. ಪದಗಳ ಎಣಿಕೆಯಲ್ಲಿ ‘ಶಾಲೆ’, ‘ಶಾಲೆಗೆ’, ‘ಶಾಲೆಯಲ್ಲಿ’ ಮೂರು ಬೇರೆ ಪದಗಳಾಗಿ ನಿಲ್ಲುತ್ತವೆ. 2023ರಿಂದೀಚೆಗೆ ಕೆಲವು ತಂತ್ರಾಂಶಗಳಲ್ಲಿ ಕೃತಕ ಬುದ್ಧಿಮತ್ತೆಯೂ ಸೇರಿ, ಸಂದರ್ಶನದ ಸಾರಾಂಶವನ್ನು ತಾನೇ ಬರೆದುಕೊಡುತ್ತದೆ. ಸಾರಾಂಶ ಇರಲಿ. ಹಿರಿಯರು ‘ನಮ್ಮ’ ಎಂದಾಗ ತನ್ನ ಮುಖವನ್ನು ನೋಡಿ ಹಾಗೆಂದರೇ ಎಂದು ಕೇಳಿಕೊಳ್ಳಲು, ಆ ಜಗಲಿಯಲ್ಲಿ ಕುಳಿತಿದ್ದವನೇ ಬೇಕು.

ಇಷ್ಟು ಖಂಡಿತವಾಗಿ ಬರೆಯಲು ನನ್ನದೇ ತಪ್ಪು ಕಾರಣ. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾದಾಗ ಶಾಲಾ ಬಾಲಕರಾಗಿದ್ದು, ಮುಂದೆ ಉಪಾಧ್ಯಾಯರಾಗಿ ನಿವೃತ್ತರಾದ ಹದಿನಾಲ್ಕು ಮಂದಿಯನ್ನು ನಾನು 2014ರಲ್ಲಿ ಕಂಡು ಮಾತನಾಡಿಸಿದ್ದೆ. ಉತ್ಸಾಹದಿಂದ ಸಂಕೇತಗಳನ್ನು ಹಚ್ಚಿದೆ. ಟಿಪ್ಪಣಿಯನ್ನು ಆಮೇಲೆ ಬರೆದರಾಯಿತೆಂದುಕೊಂಡೆ. ಶಾಲೆಯ ಕೆಲಸದಲ್ಲಿ ವರ್ಷಗಳು ಕಳೆದುವು, ತಂತ್ರಾಂಶದ ವಾಯಿದೆಯೂ ಮುಗಿಯಿತು. ಮತ್ತೆ ತೆರೆದಾಗ ಒಂಬತ್ತು ಕಡೆ ‘ಮೌನ’ ಎಂಬ ಸಂಕೇತವಿತ್ತು. ಅದು ದುಃಖದ ಮೌನವೋ, ಭಯದ್ದೋ, ಕೇವಲ ಮರೆವೋ ನನಗೆ ನೆನಪಿಗೆ ಬರಲಿಲ್ಲ. ಮತ್ತೆ ಕೇಳೋಣವೆಂದರೆ ಅಷ್ಟರಲ್ಲಿ ಅವರಲ್ಲಿ ಐವರು ತೀರಿಕೊಂಡಿದ್ದರು.

ಎಂ. ಎನ್. ಶ್ರೀನಿವಾಸರ ಸಂಗತಿ ಇಲ್ಲಿ ನೆನಪಾಗುತ್ತದೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯದ ಆಧಾರದಿಂದ ಹಲವು ವರ್ಷ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ತುತ್ತಾದುವು. ನೆನಪಿನಿಂದಲೇ ಅವರು ಬರೆದ ಗ್ರಂಥ 1976ರಲ್ಲಿ ಹೊರಬಂತು. ಮೂರು ಪ್ರತಿಗಳಿದ್ದೂ ಒಂದೇ ಕಡೆ ಇದ್ದುವೆಂಬುದು ಯಂತ್ರದಲ್ಲಿ ಎಲ್ಲವನ್ನೂ ತುಂಬುವ ನಮಗೂ ಅನ್ವಯಿಸುತ್ತದೆ. ಒಂದು ತಂತ್ರಾಂಶದ ಕಡತವನ್ನು ಮತ್ತೊಂದರಲ್ಲಿ ತೆರೆಯಲು 2019ರಿಂದ ರೆಫಿ-ಕ್ಯೂಡಿಎ ಎಂಬ ವಿನಿಮಯ ಕ್ರಮವಿದೆ. ಆದರೂ ಟಿಪ್ಪಣಿಗಳನ್ನು ಸರಳ ಬರಹದ ಕಡತವಾಗಿ ಹೊರತೆಗೆದು ಬೇರೊಂದು ಮನೆಯಲ್ಲಿಡುವುದು ನನ್ನ ಈಗಿನ ರೂಢಿ.

‘ನಮ್ಮ ಭಾಷೆ’ಯ ಮಿತ್ರರು ಕೊನೆಗೆ ಮಲೆಯಾಳ ಮನೆಮಾತಿನ ನಿವೃತ್ತ ಅಧ್ಯಾಪಿಕೆಯೊಬ್ಬರನ್ನು ಕಂಡು ಬಂದರು. ಆ ತಾಯಿ ಎರಡು ಗಂಟೆ ಕನ್ನಡದಲ್ಲಿಯೇ ಮಾತನಾಡಿದರೂ ಕನ್ನಡವನ್ನು ಒಮ್ಮೆಯೂ ‘ನಮ್ಮ ಭಾಷೆ’ ಎನ್ನಲಿಲ್ಲವಂತೆ. ‘ನನ್ನ ಶಾಲೆಯ ಭಾಷೆ’ ಎಂದರಂತೆ. ‘ಭಾಷಾಭಿಮಾನ’ ಎಂಬ ಒಂದು ಸಂಕೇತ ಈಗ ಮೂರಾಗಿ ಒಡೆದಿದೆ. ಮೂರನೆಯದಕ್ಕೆ ಅವರು ಇನ್ನೂ ಹೆಸರಿಟ್ಟಿಲ್ಲ. ಅದರ ಟಿಪ್ಪಣಿ ಮಾತ್ರ ನಾಲ್ಕು ಪುಟವಾಗಿದೆ.