'ಬೇಡ' ಎಂಬ ಸೊಲ್ಲು: ಉಕ್ಕಿನ ಮೇಲ್ಸೇತುವೆಯ ವಿವಾದವೂ ಚರಿತ್ರೆಯ ಆಧಾರಗಳೂ

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆಯೊಂದನ್ನು 1,791 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಿರ್ಮಿಸಲು ರಾಜ್ಯ ಸರ್ಕಾರವು 2016ರಲ್ಲಿ ನಿರ್ಧರಿಸಿದುದೂ, ಅದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುವುದೆಂದು ತಿಳಿದೊಡನೆ ನಗರದಲ್ಲಿ ಪ್ರತಿಭಟನೆ ಎದ್ದುದೂ, 2017ರ ಮಾರ್ಚ್ 2ರಂದು ಯೋಜನೆಯನ್ನು ಕೈಬಿಟ್ಟುದೂ ವಾಚಕರಿಗೆ ತಿಳಿದ ಸಂಗತಿಗಳೇ. ಈ ಜಯವು ಟ್ವಿಟರ್, ಫೇಸ್‌ಬುಕ್‌ಗಳಂಥ ಸಾಮಾಜಿಕ ಮಾಧ್ಯಮಗಳ ಜಯವೆಂಬ ಮಾತು ಅಂದಿನಿಂದ ರೂಢಿಗೆ ಬಂದಿದೆ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಅದು ಸಿದ್ಧಾಂತದಂತೆ ಮರುಕಳಿಸುತ್ತಿರುವುದರಿಂದ ಅದನ್ನು ಇಲ್ಲಿ ಒರೆಗೆ ಹಚ್ಚುವುದು ಅವಶ್ಯವೆಂದು ಭಾವಿಸಿದ್ದೇವೆ.

ಈ ಮಾತು ಪೂರ್ಣವಾಗಿ ಸುಳ್ಳೆಂದು ನಾವು ಹೇಳೆವು. ಅಕ್ಟೋಬರ್ 16ರ ಭಾನುವಾರ ಸಹಸ್ರಾರು ನಾಗರಿಕರು, ಅವರಲ್ಲಿ ಎಂದೂ ಬೀದಿಗಿಳಿಯದವರೂ ಅನೇಕರು, ಉದ್ದೇಶಿತ ಮಾರ್ಗದುದ್ದಕ್ಕೂ ಕೈಕೈ ಹಿಡಿದು ನಿಂತರು. ಯಾವ ರಾಜಕೀಯ ಪಕ್ಷದ ಬಲವೂ ಇಲ್ಲದೆ ಇಷ್ಟು ಜನರನ್ನು ಅಷ್ಟು ಅಲ್ಪಕಾಲದಲ್ಲಿ ಕೂಡಿಸುವುದು ಹಿಂದಿನ ಕರಪತ್ರ, ಗೋಡೆಬರಹಗಳಿಂದ ದುಸ್ಸಾಧ್ಯವಾಗಿತ್ತು. ಎಲ್ಲಿ, ಯಾವ ಹೊತ್ತಿಗೆ ಸೇರಬೇಕೆಂಬ ವಾರ್ತೆಯನ್ನು ಮನೆಮನೆಗೆ ಮುಟ್ಟಿಸಿದ್ದು ಕೈಫೋನೇ.

ಆದರೆ ಸೇರಿಸಿದುದು ಒಂದು, ಗೆಲ್ಲಿಸಿದುದು ಇನ್ನೊಂದು. ಅದೇ ಅಕ್ಟೋಬರಿನ ಅಂತ್ಯದಲ್ಲಿ ಚೆನ್ನೈಯ ಹಸಿರು ನ್ಯಾಯಮಂಡಳಿಯ ಪೀಠವು ಕಾಮಗಾರಿಗೆ ತಡೆಯಾಜ್ಞೆ ನೀಡಿತು. ಆ ತಡೆಗೆ ಕಾರಣವಾದುದು ಪರಿಸರ ಕಾನೂನನ್ನು ಬಲ್ಲವರು ಸಲ್ಲಿಸಿದ ಅರ್ಜಿಯೇ ಹೊರತು ಹ್ಯಾಷ್‌ಟ್ಯಾಗಲ್ಲ. ಮುಂದೆ 2017ರ ಫೆಬ್ರುವರಿಯಲ್ಲಿ ಯೋಜನೆಯ ಸುತ್ತ ಲಂಚದ ಆರೋಪಗಳು ಎದ್ದವು; ಯೋಜನೆಯನ್ನು ಕೈಬಿಡುವಾಗ ಸಚಿವರು ಮುಂದಿಟ್ಟುದೂ ಆ ಆರೋಪಗಳ ಮಾತನ್ನೇ. 2018ರ ವಿಧಾನಸಭಾ ಚುನಾವಣೆಯೂ ಸಮೀಪಿಸುತ್ತಿತ್ತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕವೆಂಬುದನ್ನು ನಿರ್ಣಯಿಸದೆ, ಕಣ್ಣಿಗೆ ಎದ್ದು ಕಾಣುವ ಒಂದನ್ನೇ ಕಾರಣವೆಂದು ಸಾರುವುದು ಚರಿತ್ರಕಾರನಿಗೆ ಒಪ್ಪುವುದಿಲ್ಲ.

ಇದಕ್ಕಿಂತ ಗುರುತರವಾದ ದೋಷವೆಂದರೆ ಟ್ವೀಟುಗಳ ಸಂಖ್ಯೆಯನ್ನೇ ಜನಾಭಿಪ್ರಾಯದ ಅಳತೆಗೋಲೆಂದು ಭಾವಿಸುವುದು. ಹತ್ತು ಸಲ ಬರೆದವನು ಅಲ್ಲಿ ಹತ್ತಾಗಿ ಎಣಿಕೆಗೆ ಸಿಗುತ್ತಾನೆ. ಹೆಬ್ಬಾಳದ ಆಚೆಯಿಂದ ದಿನವೂ ಬಸ್ಸಿನಲ್ಲಿ ನೇತಾಡುತ್ತ ಬರುವ ಕೂಲಿಕಾರನು ಒಂದಾಗಿಯೂ ಸಿಗುವುದಿಲ್ಲ. ಅವನಿಗೆ ಸೇತುವೆ ಬೇಕಿತ್ತೋ ಬೇಡವಾಗಿತ್ತೋ ಆ ಬರಹಗಳಿಂದ ಊಹಿಸುವುದೂ ಕಷ್ಟ. 'ಬೇಡ' ಎಂಬುದು ಅಚ್ಚಗನ್ನಡದ ಸೊಲ್ಲು. ಆದರೆ ಆ ಹ್ಯಾಷ್‌ಟ್ಯಾಗಿನಲ್ಲಿ ಅದು ರೋಮನ್ ಲಿಪಿಯಲ್ಲಿ, ಎರಡು ಇಂಗ್ಲಿಷ್ ಪದಗಳ ಬಾಲಕ್ಕೆ ಅಂಟಿಕೊಂಡು ಬಂದಿತು. ಮಾತನಾಡುತ್ತಿದ್ದವರು ಯಾರು, ಯಾರನ್ನು ಕುರಿತು ಎಂಬುದಕ್ಕೆ ಈ ಒಂದು ಪದಕ್ಕಿಂತ ಉತ್ತಮ ಸಾಕ್ಷ್ಯ ನಮಗೆ ಕಾಣದು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಕೂಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯೂ ಸಮಸ್ತ ಪ್ರಜೆಗಳ ಸಭೆಯಾಗಿರಲಿಲ್ಲ. ಮೊದಲ ಅಧಿವೇಶನಕ್ಕೆ ಬಂದ 144 ಮಂದಿಯಲ್ಲಿ ಭೂಮಾಲೀಕರೂ ವರ್ತಕರೂ ಪ್ರಧಾನರಾಗಿದ್ದರು. ಆದರೆ ಅದರ ನಡವಳಿಗಳು ಅಚ್ಚಾಗಿ ಉಳಿದಿರುವುದರಿಂದ ಸಭೆಯ ಸಂಕುಚಿತತೆಯನ್ನು ಕೂಡ ಆ ನಡವಳಿಗಳಿಂದಲೇ ಸಾಧಿಸಿ ತೋರಿಸಬಹುದಾಗಿದೆ. 2016ರ ಮಾತುಗಳಿಗೆ ಆ ಭಾಗ್ಯವಿಲ್ಲ. ಬರೆದವರೇ ಅಳಿಸಬಹುದು, ಖಾತೆ ಮುಚ್ಚಬಹುದು. ಟ್ವಿಟರ್ ಸಂಸ್ಥೆಯೇ 2022ರಲ್ಲಿ ಒಡೆತನ ಬದಲಿಸಿ, 2023ರಲ್ಲಿ 'ಎಕ್ಸ್' ಎಂದು ಹೆಸರನ್ನೂ ಬದಲಿಸಿಕೊಂಡಿತು. ಸಂಶೋಧಕರಿಗೆ ಹಿಂದೆ ದೊರೆಯುತ್ತಿದ್ದ ಉಚಿತ ಪ್ರವೇಶವೂ ಆ ವರ್ಷವೇ ನಿಂತಿತು. ಸಾರ್ವಜನಿಕ ಟ್ವೀಟುಗಳೆಲ್ಲವನ್ನೂ ಶೇಖರಿಸುವೆವೆಂದು 2010ರಲ್ಲಿ ಹೊರಟ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ 2017ರ ಕೊನೆಗೆ ಆ ಕಾರ್ಯವನ್ನು ನಿಲ್ಲಿಸಿ, ಆಯ್ದವನ್ನು ಮಾತ್ರ ಇರಿಸಿಕೊಳ್ಳುವ ಕ್ರಮಕ್ಕೆ ಇಳಿಯಿತು. ವಾಟ್ಸಾಪ್ ಗುಂಪುಗಳಲ್ಲಿ ನಡೆದ ಸಮಾಲೋಚನೆಯಂತೂ ಹೊರಗಿನವರ ಕಣ್ಣಿಗೆ ಬಿದ್ದುದೇ ಇಲ್ಲ. ಚಳವಳಿಯ ನಿಜವಾದ ತೀರ್ಮಾನಗಳು ಬಹುಶಃ ಅಲ್ಲಿಯೇ ಆಗಿದ್ದುವು.

ಆದುದರಿಂದ ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಯು ಪರದೆಯ ಮುಂದೆ ಕುಳಿತು ಅಂಕಿಗಳನ್ನು ಕೂಡುವುದಕ್ಕೆ ಮೊದಲು ನ್ಯಾಯಮಂಡಳಿಯ ಕಡತ, ಅಭಿವೃದ್ಧಿ ಪ್ರಾಧಿಕಾರದ ಪತ್ರಗಳು, ಆ ತಿಂಗಳುಗಳ ಕನ್ನಡ ದಿನಪತ್ರಿಕೆಗಳು ಇವನ್ನು ನೋಡತಕ್ಕದ್ದು. ಸಾಲಿನಲ್ಲಿ ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಹೇಳಿಕೆಗಳನ್ನೂ, ಉಳಿದಿರುವ ಸಂದೇಶಗಳನ್ನೂ, ಅಂದು ಕೈಯಲ್ಲಿ ಹಿಡಿದಿದ್ದ ರಟ್ಟಿನ ಫಲಕಗಳನ್ನೂ ಅವರ ಒಪ್ಪಿಗೆ ಪಡೆದು, ದಿನಾಂಕ ಸಹಿತ ಸಂಗ್ರಹಿಸುವ ಕೆಲಸವನ್ನು ನಗರದ ಯಾವುದಾದರೊಂದು ಕಾಲೇಜಿನ ಇತಿಹಾಸ ವಿಭಾಗವು ಈ ವರ್ಷವೇ ಆರಂಭಿಸಬಹುದು.