ರಾಮಮೂರ್ತಿಯ ಇಂಗ್ಲಿಷು

ಶಿವಾಜಿನಗರದಿಂದ ಬರುವ ಬಸ್ಸಿನಲ್ಲಿ ಕಂಡಕ್ಟರು ನಮ್ಮ ಬಡಾವಣೆಯ ಹೆಸರನ್ನು ‘ಪ್ರೇಜರ್‌ಟೌನ್’ ಎಂದು ಕೂಗುತ್ತಾರೆ. ಪುಲಿಕೇಶಿನಗರವೆಂದು ಬೋರ್ಡು ಬದಲಾಗಿ ಎಷ್ಟೋ ವರ್ಷಗಳಾದವು, ಬಾಯಿ ಬದಲಾಗಿಲ್ಲ. ಆ ಫ್ರೇಸರ್ ಯಾರೆಂದರೆ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿ, ಮುಂದೆ ಮೈಸೂರಿನ ರೆಸಿಡೆಂಟ್ ಆದ ಸ್ಟುವರ್ಟ್ ಫ್ರೇಸರ್. ಅಂದರೆ ಒಬ್ಬ ಮೇಷ್ಟರು! ತನ್ನ ಹೆಸರಿನ ಈ ಅವತಾರ ಕೇಳಿದ್ದರೆ ಆತ ಏನು ಮಾಡುತ್ತಿದ್ದನೋ ತಿಳಿಯದು. ನಾನಾಗಿದ್ದರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಂಡಕ್ಟರನ್ನೇ ತಿದ್ದಲು ಹೊರಡುತ್ತಿದ್ದೆ.

ಇದೆಲ್ಲ ನೆನಪಾದದ್ದು ಒಂದು ಸಿನಿಮಾದಿಂದ. ಗೌರಿ ಶಿಂಧೆಯವರ ‘ಇಂಗ್ಲಿಷ್ ವಿಂಗ್ಲಿಷ್’ 2012ರಲ್ಲಿ ಬಂದಾಗ ಥಿಯೇಟರಿನಲ್ಲಿ ನೋಡಿ, ನಕ್ಕು, ಅತ್ತು ಬಂದಿದ್ದೆ. ಶ್ರೀದೇವಿ ಮಾಡಿದ ಶಶಿ ಎಂಬ ಗೃಹಿಣಿ ಲಾಡು ಕಟ್ಟಿ ಮಾರುವವಳು. ‘ಜಾಝ್’ ಎಂಬ ಒಂದು ಪದ ನಾಲಿಗೆಗೆ ಹೊರಳದ್ದಕ್ಕೆ ಮನೆಯವರಿಂದಲೇ ನಗಿಸಿಕೊಳ್ಳುತ್ತಾಳೆ. ನ್ಯೂಯಾರ್ಕಿಗೆ ಹೋದವಳು ಅಲ್ಲಿ ಗುಟ್ಟಾಗಿ ನಾಲ್ಕು ವಾರದ ಇಂಗ್ಲಿಷ್ ತರಗತಿಗೆ ಸೇರುತ್ತಾಳೆ. ಮೊನ್ನೆ ಟಿ.ವಿ.ಯಲ್ಲಿ ಮತ್ತೆ ನೋಡಿದೆ. ಈ ಸಲ ನನ್ನ ಕಣ್ಣು ಶಶಿಯ ಮೇಲೆ ನಿಲ್ಲಲಿಲ್ಲ, ಅದೇ ತರಗತಿಯ ರಾಮಮೂರ್ತಿಯ ಮೇಲೆ ನಿಂತಿತು.

ರಾಮಮೂರ್ತಿ ತಮಿಳು ಸಾಫ್ಟ್‌ವೇರ್ ಇಂಜಿನಿಯರ್. ಅವ್ವನ ಇಡ್ಲಿಗಾಗಿ ಹಲುಬುವವನು. ಅವನ ಪಕ್ಕದಲ್ಲೇ ಫ್ರೆಂಚ್ ಅಡುಗೆಯವನು ಲೊರಾಂ ಕೂತಿದ್ದಾನೆ. ಇಬ್ಬರಿಗೂ ಇಂಗ್ಲಿಷ್ ಬಾರದು, ಇಬ್ಬರ ನಾಲಿಗೆಯಲ್ಲೂ ತಾಯಿನುಡಿಯ ಎಳೆತವಿದೆ. ಆದರೆ ಲೊರಾಂ ತಡವರಿಸಿದಾಗ ಕ್ಯಾಮೆರಾ ಅವನ ಮುಖದ ಬಳಿ ನಿಧಾನವಾಗಿ ನಿಲ್ಲುತ್ತದೆ, ಹಿನ್ನೆಲೆ ಸಂಗೀತ ಮೆತ್ತಗಾಗುತ್ತದೆ. ರಾಮಮೂರ್ತಿ ಬಾಯಿ ತೆರೆದರೆ ಪ್ರೇಕ್ಷಕರು ನಗಬೇಕೆಂದು ಮೊದಲೇ ತೀರ್ಮಾನವಾಗಿಬಿಟ್ಟಿದೆ. ಉಚ್ಚಾರಣೆಯ ಹೆಸರಲ್ಲಿ ನಗಿಸಿಕೊಂಡ ಹೆಣ್ಣಿನ ಕತೆ ಹೇಳುವ ಚಿತ್ರವೇ, ಇನ್ನೊಬ್ಬನ ಉಚ್ಚಾರಣೆಯಿಂದ ನಗೆ ಹುಟ್ಟಿಸುತ್ತದೆ! ಹಿಂದಿ ಚಿತ್ರರಂಗಕ್ಕೆ ಇದು ಹೊಸದೇನಲ್ಲ. 1968ರ ‘ಪಡೋಸನ್’ನಲ್ಲಿ ಮೆಹಮೂದರ ಸಂಗೀತ ಮೇಷ್ಟರನ್ನು ಕಂಡು ನಾವು ದಕ್ಷಿಣದವರೇ ಹೊಟ್ಟೆ ಹಿಡಿದುಕೊಂಡು ನಕ್ಕಿಲ್ಲವೆ? ಆದರೆ ಆ ಚಿತ್ರ ಯಾರ ಮಾನವನ್ನೂ ಕಾಯಲು ಹೊರಟಿರಲಿಲ್ಲ. ಇದು ಹೊರಟಿತ್ತು.

ಚಿತ್ರದ ದೊಡ್ಡ ಗುಣವನ್ನೂ ಹೇಳಬೇಕು. ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದಲ್ಲಿ (ಅದು ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ಇಂಗ್ಲೆಂಡಿನಲ್ಲಲ್ಲ, ವಿಯೆನ್ನಾದಲ್ಲಿ) ಹೂ ಮಾರುವ ಎಲೈಜಾಳ ನಾಲಿಗೆಯನ್ನು ಉಜ್ಜಿ ಉಜ್ಜಿ, ಅವಳು ದೊಡ್ಡ ಮನೆತನದವಳೆಂದು ಜನ ನಂಬುವಂತೆ ಮಾಡಲಾಗುತ್ತದೆ. ಅದೇ ಕತೆ 1964ರಲ್ಲಿ ‘ಮೈ ಫೇರ್ ಲೇಡಿ’ ಸಿನಿಮಾ ಆದಾಗ ಆಡ್ರಿ ಹೆಪ್‌ಬರ್ನ್ ಹಾಡುಗಳನ್ನು ಹೆಚ್ಚಿನ ಪಾಲು ಹಾಡಿದವರು ಮಾರ್ನಿ ನಿಕ್ಸನ್. ಒಳ್ಳೆಯ ದನಿ ಕಲಿತವಳ ಕತೆಗೆ ದನಿಯನ್ನೇ ಬೇರೆಯವರಿಂದ ತಂದರು! ಶಶಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಕೊನೆಗೆ ಅಕ್ಕನ ಮಗಳ ಮದುವೆಯಲ್ಲಿ ಅವಳು ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅದು ಒಬ್ಬ ಮರಾಠಿ ಹೆಂಗಸಿನ ಇಂಗ್ಲಿಷೇ. ನಿಧಾನ, ಸಣ್ಣ ಸಣ್ಣ ವಾಕ್ಯ, ತನ್ನದೇ ದನಿ. ಷಾ ಎಲೈಜಾಳಿಗೆ ಕೊಡದಿದ್ದುದನ್ನು ಶಿಂಧೆ ಶಶಿಗೆ ಕೊಟ್ಟರು. ರಾಮಮೂರ್ತಿಗೂ ಒಂದು ಹಿಡಿ ಕೊಟ್ಟಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಇಷ್ಟೆಲ್ಲ ಆಕ್ಷೇಪ ಎತ್ತುವ ನಾನು ಯಾರು ಎಂದು ಕೇಳಿದರೆ, ಥಿಯೇಟರಿನಲ್ಲಿ ರಾಮಮೂರ್ತಿಯನ್ನು ಕಂಡು ನಕ್ಕವಳು. ಅಷ್ಟೇ ಅಲ್ಲ.

ತಿಪಟೂರು ಕಡೆಯ ಹಳ್ಳಿಯಲ್ಲಿ ಐದನೆಯ ತರಗತಿಗೆ ಬಂದ ಮೇಲೆ ಎ, ಬಿ, ಸಿ, ಡಿ ಕಂಡವಳು ನಾನು. ‘ಎಗ್’ ನನ್ನ ಬಾಯಲ್ಲಿ ‘ಯೆಗ್ಗು’, ‘ಓನ್ಲಿ’ ಎನ್ನುವುದು ‘ವೋನ್ಲಿ’. ಬಿ.ಎ., ಬಿ.ಎಡ್. ಮುಗಿಸಿ ದಂಡಿನ ಕಡೆಗೆ ಕೆಲಸಕ್ಕೆ ಬಂದಾಗ ನಮ್ಮ ಎದುರುಮನೆಯ ಆಂಗ್ಲೋ-ಇಂಡಿಯನ್ ಆಂಟಿಯ ‘ವಾಟ್ ಮೆನ್’ ಕೇಳಿ, ಇಂಗ್ಲಿಷ್ ಎಂದರೆ ಇದಪ್ಪಾ ಎಂದುಕೊಂಡಿದ್ದೆ. ಅಂಥವರ ಮಾತನ್ನೇ ಬಿಳಿಯರು ‘ಚೀ-ಚೀ’ ಇಂಗ್ಲಿಷ್ ಎಂದು ಹಳಿಯುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ಎಲ್ಲೋ ಓದಿ ದಂಗಾದೆ. ನಾನು ಕತ್ತೆತ್ತಿ ನೋಡುತ್ತಿದ್ದ ಮೆಟ್ಟಿಲಿಗೂ ಮೇಲಿನವರೊಬ್ಬರ ತಿರಸ್ಕಾರವಿತ್ತು.

ನನ್ನ ತರಗತಿಯಲ್ಲಿ ತಮಿಳು, ತೆಲುಗು, ದಖನಿ ಉರ್ದು, ಕನ್ನಡ ಎಲ್ಲ ಮನೆಮಾತಿನ ಮಕ್ಕಳಿದ್ದರು. ಒಬ್ಬರ ಉಚ್ಚಾರಣೆಗೆ ಇನ್ನೊಬ್ಬರು ನಗುವುದು ದಿನದ ಆಟ. ಮಾಸ್ಕ್ ರೋಡಿನ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಗಟ್ಟಿಯಾಗಿ ಪಾಠ ಓದುವಾಗ ‘ಇಸ್ಕೂಲ್’ ಎಂದ. ನಾನು ಅವನಂತೆಯೇ ‘ಇಸ್ಕೂಲ್’ ಎಂದು ಅಣಕಿಸಿ, ತರಗತಿಯನ್ನೆಲ್ಲ ನಗಿಸಿ, “ಅದು ಸ್ಕೂಲು ಕಣಪ್ಪಾ, ಸ್ಕೂಲು” ಎಂದು ತಿದ್ದಿದೆ. ಅವನು ಮುಂದೆ ಸೇರಿಸಿದ ಸ್ವರ ನನಗೆ ಕೇಳಿಸಿತು, ನಾನು ಹಿಂದೆ ಸೇರಿಸಿದ ‘ಉ’ಕಾರ ಕೇಳಿಸಲಿಲ್ಲ. ಸಕಾರಕ್ಕೆ ಒತ್ತಕ್ಷರ ಕೂಡಿ ಶುರುವಾಗುವ ಪದಕ್ಕೆ ಉರ್ದು ನಾಲಿಗೆ ಮುಂದೊಂದು ಆಸರೆ ಕೇಳುತ್ತದೆ, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕನ್ನಡದ ನಾಲಿಗೆ ಹಿಂದೊಂದು ಆಸರೆ ಕೇಳುತ್ತದೆ. ಇಬ್ಬರೂ ಒಂದೇ ಕೆಲಸ ಮಾಡಿದ್ದೆವು. ಮೇಜಿನ ಆಚೆ ನಾನಿದ್ದೆ, ಅಷ್ಟೆ. ಆ ವರ್ಷವಿಡೀ ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ. ಓದು ಎಂದರೆ ಎದ್ದು ನಿಂತು ಪುಸ್ತಕ ನೋಡುತ್ತಿದ್ದ.

ಕಳೆದ ರಂಜಾನಿನಲ್ಲಿ ಕೋಲ್ಸ್ ಪಾರ್ಕಿನ ಬಳಿ ಎದುರಾದ. ಗಡ್ಡ ಬಂದಿದೆ, ಬೆರಳು ಹಿಡಿದ ಪುಟ್ಟ ಮಗಳಿದ್ದಾಳೆ. “ಚೆನ್ನಾಗಿದ್ದೀರಾ ಮಿಸ್?” ಎಂದು ಅವನೇ ನಿಂತು ಮಾತಾಡಿಸಿದ. ಮಗು ಏನು ಮಾಡುತ್ತಿದೆ ಎಂದೆ. ಒಂದು ಗಳಿಗೆ ತಡೆದು, “ಶಾಲೆಗೆ ಹೋಗ್ತಾಳೆ ಮಿಸ್” ಎಂದ. ನಾಲ್ಕು ಹೆಜ್ಜೆ ಹೋದ ಮೇಲೆ ಮಗಳೊಂದಿಗೆ ಅವನು ಉರ್ದುವಿನಲ್ಲಿ ಆಡುವುದು ಕೇಳಿಸಿತು. ಅದರಲ್ಲಿ ‘ಇಸ್ಕೂಲ್’ ಇತ್ತು.