ಉಸ್ತಾನ ಕಸುಬು ಯಾವ ಭಾಷೆಯದು? ಮರ್ಗಿಲಾನದ ರೇಷ್ಮೆ ಮತ್ತು ‘ಉಜ್ಬೇಕ್’ ಎಂಬ ಹೆಸರು

ಗಡಿನಾಡ ಕನ್ನಡದ ಗೋಷ್ಠಿಯೊಳಗೆ ಉಜ್ಬೇಕಿಸ್ತಾನದ ಮಾತು ಯಾಕೆ ಅಂತ ಗುರುಗಳು ಕೇಳಬಹುದು. ಅದಕ್ಕೆ ಕೊನೆಯಲ್ಲಿ ಬರ್ತೀನಿ. ಮೊದಲು ಕೆಲಸ ನೋಡೋಣ.

ಫರ್ಗಾನಾ ಕಣಿವೆಯ ಮರ್ಗಿಲಾನ ಪಟ್ಟಣ ‘ಅತ್ಲಸ್’, ‘ಅದ್ರಸ್’ ಬಟ್ಟೆಗಳಿಗೆ ಹೆಸರಾದದ್ದು. ಅತ್ಲಸ್ ಪೂರ್ತಿ ರೇಷ್ಮೆ. ಅದ್ರಸ್‌ನಲ್ಲಿ ಹಾಸು ರೇಷ್ಮೆ, ಹೊಕ್ಕು ಹತ್ತಿ. ಇಲ್ಲಿ ಚಿತ್ತಾರ ಮಗ್ಗದ ಮೇಲೆ ಹುಟ್ಟುವುದಿಲ್ಲ. ನೇಯುವ ಮೊದಲೇ ಹಾಸಿನ ಎಳೆಗಳ ಮೇಲೆ ಗುರುತು ಹಾಕುತ್ತಾರೆ. ಬಣ್ಣ ಹತ್ತಬಾರದ ಜಾಗವನ್ನು ಬಿಗಿದು ಕಟ್ಟಿ ಅದ್ದುತ್ತಾರೆ. ಬಿಚ್ಚಿ, ಬೇರೆ ಕಡೆ ಕಟ್ಟಿ, ಇನ್ನೊಂದು ಬಣ್ಣದಲ್ಲಿ ಅದ್ದುತ್ತಾರೆ. ಪೋಚಂಪಳ್ಳಿ ಸೀರೆ ಬಲ್ಲವರಿಗೆ ಈ ಪದ್ಧತಿ ಗೊತ್ತು. ಗುರುತು ಹಾಕುವವರು, ಕಟ್ಟುವವರು, ಬಣ್ಣದವರು, ನೇಯುವವರು ಬೇರೆಬೇರೆ.

ಜಗತ್ತು ಇದನ್ನು ‘ಇಕತ್’ ಅನ್ನುತ್ತದೆ. ಅದು ಮಲಯ ಮಾತು. ಅಲ್ಲಿಯವರು ಅನ್ನೋದು ‘ಅಬ್ರ್‌ಬಂದಿ’. ಫಾರ್ಸಿಯ ‘ಅಬ್ರ್’ ಅಂದರೆ ಮೋಡ, ನಮ್ಮ ನಿಘಂಟಿನ ‘ಅಭ್ರ’ದ ದಾಯಾದಿ. ‘ಬಂದ್’ ಕೂಡ ‘ಬಂಧ’ದ ದಾಯಾದಿಯೇ. ಅಂದ್ರೆ ಮೋಡ ಕಟ್ಟೋದು. ಬಟ್ಟೆಯ ಮೇಲೆ ಬಣ್ಣದ ಅಂಚು ಮೋಡದ ಅಂಚಿನಂತೆ ಕದಡಿಕೊಂಡಿರುತ್ತದೆ. ಉಜ್ಬೇಕ್ ತುರ್ಕಿ ಕುಟುಂಬದ ಭಾಷೆ. ಆದರೆ ಈ ಕಸುಬಿನ ಹೆಸರು ಫಾರ್ಸಿ. ಗುರುವನ್ನು ಕರೆಯುವ ‘ಉಸ್ತಾ’, ಶಿಷ್ಯನನ್ನು ಕರೆಯುವ ‘ಶಾಗಿರ್ದ್’, ಎರಡೂ ಫಾರ್ಸಿ. 19ನೇ ಶತಮಾನದಲ್ಲಿ ಬುಖಾರಾದಂಥ ಪಟ್ಟಣಗಳಲ್ಲಿ ನೀಲಿ ಅದ್ದುವ ಕೆಲಸ ಹೆಚ್ಚಾಗಿ ಯಹೂದಿಗಳದಾಗಿತ್ತು. ಕುಂಬಾರಿಕೆಗೆ ಹೆಸರಾದ ರಿಶ್ತಾನದಲ್ಲಿ ಇಂದಿಗೂ ತಾಜಿಕ್ ಮಾತಾಡುವವರಿದ್ದಾರೆ.

ಇನ್ನು ನನ್ನ ತಕರಾರು. ಈ ಕುಶಲಕರ್ಮಿಗಳ ಬಗ್ಗೆ ಬರುವ ಬರಹ ಬಹುಪಾಲು ಒಂದೇ ಅಚ್ಚಿನದು: ವಯಸ್ಸಾದ ಉಸ್ತಾ, ಏಳು ತಲೆಮಾರು, ‘ಉಜ್ಬೇಕ್ ಪರಂಪರೆಯನ್ನು ಉಳಿಸಿದವರು’. ಈ ಅಚ್ಚು ಎರಡು ಸಂಗತಿಗಳನ್ನು ಮುಚ್ಚಿಡುತ್ತದೆ.

ಒಂದು, ಗಡಿ. ಉಜ್ಬೇಕಿಸ್ತಾನದ ಗೆರೆ ಬಿದ್ದದ್ದು 1924ರಲ್ಲಿ, ಸೋವಿಯತ್ ಆಡಳಿತ ಮಧ್ಯ ಏಷ್ಯಾವನ್ನು ರಾಷ್ಟ್ರೀಯತೆಗಳ ಹೆಸರಲ್ಲಿ ಹಂಚಿದಾಗ. 1929ರಲ್ಲಿ ಖುಜಂದ್ ತಾಜಿಕಿಸ್ತಾನಕ್ಕೆ ಹೋಯಿತು. ಅಲ್ಲೂ ಅದೇ ಅತ್ಲಸ್ ನೇಯ್ದರು. ಹಾಗಾದರೆ ಅದು ಯಾರ ಪರಂಪರೆ?

ಎರಡು, ನಡುವೆ ಬಂದ ಕಾರ್ಖಾನೆ. ಸೋವಿಯತ್ ಕಾಲದಲ್ಲಿ ಖಾಸಗಿ ಕಸುಬುದಾರರು ಸಹಕಾರಿ ಸಂಘಗಳಿಗೆ, ಆಮೇಲೆ ಕಾರ್ಖಾನೆಗಳಿಗೆ ಸೇರಬೇಕಾಯಿತು. ಕೃತಕ ಬಣ್ಣದ ‘ಖಾನ್ ಅತ್ಲಸ್’ ಸಾಮಾನ್ಯ ಹೆಂಗಸರ ಉಡುಪಾದದ್ದು ಆವಾಗಲೇ. ಅದನ್ನು ಬರೀ ಹಾನಿಯ ಅಧ್ಯಾಯ ಅಂತ ಓದೋದು ಸರಿಯಲ್ಲ. ಉಟ್ಟವರು ಇದ್ದದ್ದಕ್ಕೇ ಚಿತ್ತಾರ ಉಳೀತು. ಉಸ್ತಾನ ಮನೆತನದಷ್ಟೇ ಪಾಲು ಅವರದೂ ಇದೆ.

2007ರಲ್ಲಿ ಮರ್ಗಿಲಾನದಲ್ಲಿ ಕರಕುಶಲ ಅಭಿವೃದ್ಧಿ ಕೇಂದ್ರ ಶುರುವಾಯಿತು. ನೈಸರ್ಗಿಕ ಬಣ್ಣ, ಕೈನೇಯ್ಗೆ ಕಲಿಸಿತು. 2017ರಲ್ಲಿ ಯುನೆಸ್ಕೊ ಇದನ್ನು ಉತ್ತಮ ಸಂರಕ್ಷಣಾ ಕ್ರಮಗಳ ಪಟ್ಟಿಗೆ ಸೇರಿಸಿತು. ಇದು ಸಣ್ಣ ಕೆಲಸ ಅಲ್ಲ. ‘ದೇಶದ ಹೆಸರಿಲ್ಲದೆ ಮಾರುಕಟ್ಟೆ ಸಿಗೋದಿಲ್ಲ’ ಅಂತ ಯಾರಾದರೂ ಅಂದರೆ ಒಪ್ಪುತ್ತೇನೆ. ಕೂಲಿ ಹುಟ್ಟದೆ ಶಾಗಿರ್ದ್ ಬರೋದಿಲ್ಲ. ಆದರೆ ಮಾರುವ ಚೀಟಿಯ ಮೇಲಿನ ಹೆಸರನ್ನೇ ವಿಮರ್ಶಕರೂ ಇತಿಹಾಸ ಅಂತ ತಗೊಂಡರೆ ಹೆಂಗೆ? ಬಣ್ಣದ ಯಹೂದಿ, ತಾಜಿಕ್ ಆಡುವ ಕುಂಬಾರ, ಖುಜಂದದ ನೇಕಾರ ಬರಹದಿಂದ ಹೊರಗೇ ಉಳಿಯುತ್ತಾರೆ.

ಈಗ ಮೊದಲ ಪ್ರಶ್ನೆಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮಗೆ 1956ರ ಗೆರೆ ಗೊತ್ತು. ನಾವು ಇಳಕಲ್ ಸೀರೆ ಅನ್ನೋದನ್ನ ನಮ್ಮ ಓಣಿಯ ಮರಾಠಿಗರು ಇರಕಲ್ ಅಂತಾರೆ. ಉಡೋರು ಎರಡೂ ಮನೆಯವರು. ನಮ್ಮ ಸಂಶೋಧನೆಯೊಳಗೆ ‘ಕರ್ನಾಟಕದ ಪರಂಪರೆ’ ಅಂತ ಬರೆದು ಮುಗಿಸಿದರೆ, ಗಡಿಯಾಚೆ ಉಟ್ಟವರ ಅರ್ಧ ಕಥೆ ಬಿಟ್ಟುಹೋಗುತ್ತದೆ. ಆ ಬಿಟ್ಟುಹೋದ ಅರ್ಧದಲ್ಲಿ ನಾವೇ ಇರ್ತೀವಿ.

ಹಾಗಾಗಿ ನನ್ನದೊಂದು ಸೂಚನೆ: ಯಾವ ಕಸುಬಿನ ಬಗ್ಗೆ ಬರೆದರೂ ಮೊದಲು ಅಲ್ಲಿ ಆಡುವ ಕಸುಬಿನ ಮಾತುಗಳನ್ನು ಬರಕೊಳ್ಳೋಣ, ಅವು ಯಾವ ಭಾಷೆಯಿಂದ ಬಂದವು ಅಂತ ಕೇಳೋಣ. ಅದು ಯಾವ ರಾಜ್ಯದ್ದು, ಯಾವ ದೇಶದ್ದು ಅನ್ನೋದನ್ನ ಆಮೇಲೆ ಬರೆದರಾಯ್ತು. ಪ್ರಶ್ನೆಗಳಿದ್ದರೆ ಕೇಳಿ.